ನಳ ಬರುವ ದಿನ ನೋಡಿ ಔಷಧ

ಸೀಗಡಿ ಟ್ಯಾಂಕ್ ಇಟ್ಟುಕೊಂಡವರು ವಾರಕ್ಕೊಮ್ಮೆಯಾದರೂ ರಾತ್ರಿ ಟಾರ್ಚ್ ಹಿಡಿದು ನೋಡಬೇಕು. ದೀಪ ಆರಿಸಿ ಒಂದು ತಾಸು ಬಿಡಿ. ಆಮೇಲೆ ಗಾಜಿನ ಮೇಲೆ, ಸ್ಪಾಂಜ್ ಫಿಲ್ಟರಿನ ಬುಡದಲ್ಲಿ, ಊಟ ಹಾಕುವ ಬಟ್ಟಲಿನ ಅಂಚಿನಲ್ಲಿ ಬೆಳಕು ಬಿಡಿ. ಹಗಲಿನ ಟ್ಯಾಂಕೇ ಬೇರೆ, ರಾತ್ರಿಯ ಟ್ಯಾಂಕೇ ಬೇರೆ. ಹಗಲೆಲ್ಲ ಕಲ್ಲಿನ ಕೆಳಗೆ, ಮಾಸ್ ಅನ್ನುವ ನೀರುಗಿಡದ ಒಳಗೆ ಅಡಗಿದ್ದ ಜೀವಗಳು ಕತ್ತಲಾದ ಮೇಲೆ ಹೊರಗೆ ಬರುತ್ತವೆ. ಅವುಗಳಲ್ಲಿ ಕೆಲವು ಬೆಳಕು ಬಿದ್ದ ಕೂಡಲೇ ತಿರುಗಿ, ಅವಸರವಿಲ್ಲದೆ, ನುಣ್ಣಗೆ ಜಾರುತ್ತಾ ಹೋಗುತ್ತವೆ. ತಲೆ ತ್ರಿಕೋನವಾಗಿದ್ದು, ಅದರ ಮೇಲೆ ಎರಡು ಕಪ್ಪು ಕಣ್ಣು ಕಂಡರೆ ಅದು ಪ್ಲನೇರಿಯಾ.

ಪಿಯುಸಿಯಲ್ಲಿ ವಿಜ್ಞಾನ ಓದಿದವರಿಗೆ ಈ ಹೆಸರು ನೆನಪಿರಬಹುದು. ಚಪ್ಪಟೆ ಹುಳುಗಳ ಪಾಠದಲ್ಲಿ ಒಂದೇ ಸಾಲಿನಲ್ಲಿ ಬಂದು ಹೋಗುತ್ತದೆ: ಕಳೆದುಕೊಂಡ ಅಂಗವನ್ನು ಮತ್ತೆ ಬೆಳೆಸಿಕೊಳ್ಳುವ ಶಕ್ತಿ ಇದಕ್ಕೆ ಜಾಸ್ತಿ ಅಂತ. ಪರೀಕ್ಷೆಗೆ ಒಂದು ಮಾರ್ಕಿನ ಉತ್ತರ ಅಷ್ಟೇ. ಅದೇ ಹುಳು ಮನೆಯೊಳಗಿನ ಗಾಜಿನ ತೊಟ್ಟಿಯಲ್ಲಿ ಕಂಡಾಗ ಆ ಒಂದು ಸಾಲಿನ ತೂಕ ಗೊತ್ತಾಗುತ್ತದೆ.

ನಾನು ಧಾರವಾಡದಲ್ಲಿ ಚೆರ್ರಿ ಶ್ರಿಂಪ್ ಸಾಕುತ್ತೇನೆ. ಹೆಬ್ಬೆರಳಿನ ಅರ್ಧದಷ್ಟು ಉದ್ದದ ಕೆಂಪು ಸೀಗಡಿ. ಮೂಲ ತೈವಾನ್, ಚೀನಾ ಕಡೆಯ ಹಳ್ಳ-ಕೊಳ್ಳ. ಅಲ್ಲಿ ಅದರ ಬಣ್ಣ ಕಂದು. ಸಾಕುವವರು ಆರಿಸಿ ಆರಿಸಿ ಮರಿ ಮಾಡಿಸಿ ಈ ಕೆಂಪು ತಂದಿದ್ದಾರೆ. ಹುಬ್ಬಳ್ಳಿ-ಧಾರವಾಡದಲ್ಲಿ, ಗದಗಿನಲ್ಲಿ ಇದನ್ನು ಇಟ್ಟುಕೊಂಡ ಗೆಳೆಯರಿದ್ದಾರೆ. ಅವರಲ್ಲಿ ಯಾರಿಗಾದರೂ ಗಾಜಿನ ಮೇಲೆ ಒಂದು ಬಿಳಿ ಎಳೆ ಕಂಡರೆ ಸಾಕು, ಫೋಟೋ ಕಳಿಸಿ ಕೇಳುತ್ತಾರೆ: ಏನು ಔಷಧ ಹಾಕಲಿ? ನಾನು ಹೇಳುವುದು ಒಂದೇ. ಔಷಧ ಆಮೇಲೆ. ಮೊದಲು ಅದು ಯಾವ ಹುಳು ಅಂತ ನೋಡೋಣ. ಯಾಕೆಂದರೆ ಬಹಳಷ್ಟು ಸಲ ಅದು ಪ್ಲನೇರಿಯಾ ಆಗಿರುವುದೇ ಇಲ್ಲ.

ತಳದ ಮಣ್ಣು ಕೆದಕಿದಾಗ ನೀರಿನಲ್ಲಿ ಎಸ್ ಆಕಾರದಲ್ಲಿ ಒದ್ದಾಡುತ್ತಾ ತೇಲುವ ದಾರದಂಥ ಹುಳು ಇರುತ್ತದೆ. ಅದು ಕೊಳೆತದ್ದನ್ನು ತಿಂದು ಬದುಕುವ ಬಡಪಾಯಿ. ಸೀಗಡಿಗೆ ಅದರಿಂದ ಏನೂ ಆಗುವುದಿಲ್ಲ. ಅದು ಗುಂಪು ಗುಂಪಾಗಿ ಗಾಜು ಹತ್ತಿ ಮೇಲೆ ಬಂದರೆ, ತಳದಲ್ಲಿ ಹೊಲಸು ಜಾಸ್ತಿ ಆಗಿದೆ, ಆಮ್ಲಜನಕ ಕಡಿಮೆ ಆಗಿದೆ ಅಂತ ತಿಳಿಯಬೇಕು. ಇನ್ನೊಂದು, ಎರಡು ಮೂರು ಮಿಲಿಮೀಟರ್ ಕೂಡ ಇರದ, ತಲೆ ದುಂಡಗಿರುವ ಬಿಳಿ ಚುಕ್ಕೆ. ರಾಬ್ಡೋಸೀಲಾ ಅಂತ ಅದರ ಗುಂಪಿನ ಹೆಸರು. ಅದೂ ಚಪ್ಪಟೆ ಹುಳುವೇ, ಅದೂ ಜಾರುತ್ತದೆ. ಆದರೆ ಅದು ತಿನ್ನುವುದು ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳನ್ನು. ಸೀಗಡಿಯ ತಂಟೆಗೆ ಬರುವುದಿಲ್ಲ.

ಇನ್ನೊಂದಿದೆ. ಅದು ಗಾಜಿನ ಮೇಲಲ್ಲ, ಸೀಗಡಿಯ ಮೂಗಿನ ತುದಿಯಲ್ಲೇ ಸಣ್ಣ ಬಿಳಿ ಎಳೆಗಳಾಗಿ ಅಂಟಿಕೊಂಡಿರುತ್ತದೆ. ಸ್ಕುಟಾರಿಯೆಲ್ಲಾ ಅನ್ನುತ್ತಾರೆ. ಹೊಸದಾಗಿ ತಂದ ಸೀಗಡಿಯ ಜೊತೆಗೆ ಬರುತ್ತದೆ. ಅದಕ್ಕೆ ಟ್ಯಾಂಕಿಗೆಲ್ಲ ಔಷಧ ಸುರಿಯುವ ಮೊದಲು ಉಪ್ಪಿನ ನೀರಿನ ಉಪಾಯ ನೋಡಬೇಕು. ಅಯೋಡಿನ್ ಇಲ್ಲದ ಉಪ್ಪನ್ನು ಒಂದು ಕಪ್ ನೀರಿಗೆ ಒಂದು ದೊಡ್ಡ ಚಮಚದಷ್ಟು ಕರಗಿಸಿ, ಸೀಗಡಿಯನ್ನು ಅರ್ಧ ನಿಮಿಷದಿಂದ ಒಂದು ನಿಮಿಷ ಅದ್ದಿ ತೆಗೆದರೆ ಉದುರಿ ಹೋಗುತ್ತದೆ. ಅದರ ಮೊಟ್ಟೆಗಳು ಸೀಗಡಿಯ ಕಿವಿರಿನಲ್ಲಿ ಇರುತ್ತವೆ, ಪೊರೆ ಕಳಚಿದಾಗ ಪೊರೆಯ ಜೊತೆ ಹೊರಗೆ ಬರುತ್ತವೆ. ಅದಕ್ಕೇ ಕಳಚಿದ ಪೊರೆಯನ್ನು ಆಗಾಗ ತೆಗೆದು ಹಾಕಬೇಕು.

ಈ ವ್ಯತ್ಯಾಸ ನೋಡದೆ ಔಷಧ ಹಾಕಿದರೆ ಸಾಯುವುದು ಸುಮ್ನೆ ಇದ್ದ ಜೀವಗಳು. ಅದು ನನಗೆ ಸರಿ ಅನ್ನಿಸುವುದಿಲ್ಲ.

ನಮ್ಮ ಮನೆಯಲ್ಲಿ ಪ್ಲನೇರಿಯಾವನ್ನು ಮೊದಲು ಗುರುತಿಸಿದ್ದು ಮಗಳು. ಭೂತಗನ್ನಡಿ ಹಿಡಿದು ಗಾಜಿಗೆ ಮುಖ ಅಂಟಿಸಿಕೊಂಡು ಕೂತಿದ್ದಳು. "ಅಪ್ಪಾ, ಇದಕ್ಕ ಕಣ್ಣ ಅದಾವ ನೋಡು," ಅಂದಳು. ಹೌದು, ಇದ್ದವು. ಎರಡೂ ಕಣ್ಣು ಒಳಮುಖವಾಗಿ, ಮೆಳ್ಳಗಣ್ಣಿನ ಹಾಗೆ ಕಾಣುತ್ತವೆ. ಬಿಳಿಚಿದ ಕಂದು ಮೈ. ಒಂದು ಸೆಂಟಿಮೀಟರಿಗಿಂತ ಸ್ವಲ್ಪ ಕಡಿಮೆ ಉದ್ದ. ಕಾಲಿಲ್ಲ, ಮೈ ಬಳುಕುವುದೂ ಇಲ್ಲ. ಆದರೂ ಸಾಗುತ್ತದೆ. ಹೊಟ್ಟೆಯ ಅಡಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿರುತ್ತವೆ. ತಾನೇ ಒಂದು ಲೋಳೆಯ ದಾರಿ ಹಾಸಿಕೊಂಡು, ಆ ರೋಮ ಬಡಿಯುತ್ತಾ ಅದರ ಮೇಲೆ ಜಾರುತ್ತದೆ. ಮಗಳು ಅದರ ಬಾಯಿ ಎಲ್ಲಿದೆ ಅಂತ ತಲೆಯಲ್ಲಿ ಹುಡುಕುತ್ತಿದ್ದಳು. ಬಾಯಿ ತಲೆಯಲ್ಲಿಲ್ಲ. ಹೊಟ್ಟೆಯ ನಡುವೆ ಇದೆ. ತಿನ್ನುವಾಗ ಅಲ್ಲಿಂದ ಒಂದು ಬಿಳಿ ಕೊಳವೆ ಹೊರಗೆ ಚಾಚುತ್ತದೆ. ತಿಂದದ್ದರಲ್ಲಿ ಉಳಿದ ಕಸವೂ ಅದೇ ಬಾಯಿಯಿಂದ ವಾಪಸ್ ಬರುತ್ತದೆ. ಬೇರೆ ದಾರಿ ಅದಕ್ಕಿಲ್ಲ.

ಆ ಕೊಳವೆ ಕೆಲಸ ಮಾಡುವುದನ್ನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಒಂದು ಸೀಗಡಿ ಆಗಷ್ಟೇ ಪೊರೆ ಕಳಚಿತ್ತು. ಆ ಹೊತ್ತಿನಲ್ಲಿ ಅದರ ಮೈ ಮೆತ್ತಗೆ, ಓಡುವ ಶಕ್ತಿಯೂ ಇರುವುದಿಲ್ಲ. ಮಾಸ್ ಗೊಂಚಲಿನ ಕೆಳಗೆ ಸುಮ್ಮನೆ ನಿಂತಿತ್ತು. ಒಂದು ಪ್ಲನೇರಿಯಾ ಬಂದು ತಲೆ ಸ್ವಲ್ಪ ಮೇಲೆತ್ತಿತು. ಆ ಕಡೆ, ಈ ಕಡೆ ಆಡಿಸಿತು. ವಾಸನೆ ಹಿಡಿಯುವುದು ಹಾಗೆ. ಆಮೇಲೆ ಸೀಗಡಿಯ ಹೊಟ್ಟೆಯ ಕೆಳಗೆ ನುಸುಳಿ ಸುತ್ತಿಕೊಂಡಿತು. ಇನ್ನೊಂದು ಬಂತು. ಲೋಳೆಗೆ ಸೀಗಡಿಯ ಕಾಲು ಅಂಟಿದವು. ಬಾಲ ಎರಡು ಸಲ ಬಡಿಯಿತು. ನಾನು ಚಿಮಟದಿಂದ ಬಿಡಿಸಿದೆ. ಬಿಡಿಸಿದ ಮೇಲೂ ಅದು ಉಳಿಯಲಿಲ್ಲ. ಗಟ್ಟಿ ಚಿಪ್ಪಿನ, ಓಡಾಡುವ ದೊಡ್ಡ ಸೀಗಡಿಗೆ ಪ್ಲನೇರಿಯಾ ಅಷ್ಟೇನೂ ಮಾಡಲಾರದು. ಆದರೆ ಪೊರೆ ಬಿಟ್ಟವು, ಹೊಟ್ಟೆಯಡಿ ಮೊಟ್ಟೆ ಹೊತ್ತವು, ಆಗಷ್ಟೇ ಹುಟ್ಟಿದ ಮರಿಗಳು, ಇವು ಮೂರೂ ಅದರ ಪಾಲಿಗೆ ಸುಲಭದ ತುತ್ತು. ಚೆರ್ರಿ ಶ್ರಿಂಪ್ ಇಪ್ಪತ್ತು ಮೂವತ್ತು ಮೊಟ್ಟೆಯನ್ನು ಮೂರು ನಾಲ್ಕು ವಾರ ಹೊಟ್ಟೆಯಡಿ ಹೊತ್ತು, ಗಾಳಿ ಹಾಕುತ್ತಾ ಕಾಯುತ್ತದೆ. ಹೊರಬರುವ ಮರಿ ಎರಡು ಮಿಲಿಮೀಟರ್. ತಾಯಿಯ ಹೊಟ್ಟೆ ಖಾಲಿಯಾಗಿದೆ, ಮರಿಗಳೇ ಕಾಣುತ್ತಿಲ್ಲ ಅಂದರೆ ರಾತ್ರಿ ಟಾರ್ಚ್ ಹಿಡಿಯಲೇಬೇಕು.

ಗಾಜಿನ ಮೇಲೆ ಹುಳು ಕಂಡ ಕೂಡಲೇ ಬೆರಳಿನಿಂದ ತಿಕ್ಕಿ ಹಾಕೋಣ ಅನ್ನಿಸುವುದು ಸಹಜ. ದಯವಿಟ್ಟು ಹಾಗೆ ಮಾಡಬೇಡಿ. ಎರಡು ತುಂಡಾದರೆ ಎರಡು ಹುಳು. ತಲೆಯ ತುಂಡು ಬಾಲ ಬೆಳೆಸಿಕೊಳ್ಳುತ್ತದೆ, ಬಾಲದ ತುಂಡು ತಲೆ ಬೆಳೆಸಿಕೊಳ್ಳುತ್ತದೆ. ಒಂದು ವಾರ ಆಗುವಷ್ಟರಲ್ಲಿ ಹೊಸ ಕಣ್ಣು ಮೂಡಿರುತ್ತದೆ. ಅಮೆರಿಕದ ವಿಜ್ಞಾನಿ ಥಾಮಸ್ ಹಂಟ್ ಮಾರ್ಗನ್ 1898ರ ಸುಮಾರಿಗೆ ಇದರ ಮೇಲೆ ಕೂತು ಕೆಲಸ ಮಾಡಿದರು. ಹುಳುವಿನ 279ರಲ್ಲಿ ಒಂದು ಪಾಲಿನಷ್ಟು ಚೂರೂ ಮತ್ತೆ ಪೂರ್ತಿ ಹುಳುವಾಗಬಲ್ಲದು ಅನ್ನುವ ಲೆಕ್ಕ ಅವರ ಹೆಸರಿನಲ್ಲೇ ಇದೆ. ಅದೇ ಮಾರ್ಗನ್ ಆಮೇಲೆ ಹಣ್ಣಿನ ನೊಣದ ಕಡೆ ಹೊರಳಿ, 1933ರಲ್ಲಿ ನೊಬೆಲ್ ಪಡೆದರು. ಹುಳುವಿನ ಮೈ ತುಂಬ ನಿಯೋಬ್ಲಾಸ್ಟ್ ಅನ್ನುವ ಜೀವಕೋಶಗಳು ಹರಡಿಕೊಂಡಿವೆ. ಏನು ಬೇಕೋ ಅದಾಗಿ ಬೆಳೆಯಬಲ್ಲ ಜೀವಕೋಶ ಅವು. ನಾವು ಕತ್ತರಿಸುವುದೂ ಬೇಡ, ಅದು ತಾನೇ ಬಾಲವನ್ನು ನೆಲಕ್ಕೆ ಅಂಟಿಸಿ, ತಲೆಯನ್ನು ಮುಂದಕ್ಕೆ ಎಳೆದು, ಹರಿದುಕೊಂಡು ಎರಡಾಗುತ್ತದೆ.

ಇಂಥ ಜೀವ ನಮ್ಮ ಟ್ಯಾಂಕಿಗೆ ಬರುವುದು ಹೇಗೆ? ಗಿಡದ ಜೊತೆ. ಮಾಸ್ ಎಳೆಗಳ ನಡುವೆ ಒಂದು ಸಣ್ಣ ಹುಳು ಸಾಕು, ಸಾಸಿವೆ ಗಾತ್ರದ ಕಂದು-ಕಪ್ಪು ಮೊಟ್ಟೆಚೀಲ ಒಂದಿದ್ದರೂ ಸಾಕು. ಆದರೆ ಬಂದದ್ದು ಹೆಚ್ಚುವುದಕ್ಕೆ ಕಾರಣ ಬೇರೆ. ಅದು ನಮ್ಮ ಕೈ.

ನಮ್ಮ ಕಡೆ ಪ್ರೀತಿ ಅಂದರೆ ಊಟ ಹಾಕುವುದು. ಬಂದವರು ಸಾಕು ಅಂದ ಮೇಲೂ ಒಂದು ರೊಟ್ಟಿ, ಮೇಲೊಂದು ಸೌಟು ಪಲ್ಯ ಬೀಳುತ್ತದೆ. ನಮ್ಮ ಅವ್ವ ಸೀಗಡಿಗೂ ಹಾಗೇ. ನಾನು ಜೋಳದ ಕಾಳಿನಷ್ಟು ತುಂಡು ಹಾಕಿದರೆ ಪಕ್ಕದಲ್ಲಿ ನಿಂತು, "ಪಾಪ, ಅಷ್ಟ ಹಾಕಿದ್ರ ಯಾವ ಮೂಲಿಗೆ ಸಾಲತೈತಿ? ಬಾಯಿಲ್ಲದ ಜೀವ, ಇನ್ನೊಂದಿಷ್ಟ ಹಾಕು," ಅನ್ನುತ್ತಾಳೆ. ಆ ಮಾತಿನಲ್ಲಿ ಅಂತಃಕರಣ ಇದೆ, ಅದನ್ನು ತಪ್ಪು ಅನ್ನಲು ನನಗೆ ಮನಸ್ಸಿಲ್ಲ. ಆದರೆ ಸೀಗಡಿ ದಿನವಿಡೀ ಗಾಜಿನ ಪಾಚಿ, ಎಲೆಯ ಮೇಲಿನ ಲೋಳೆ ಪದರ ಮೇಯುತ್ತಲೇ ಇರುತ್ತದೆ. ಅದಕ್ಕೆ ನಾವು ಹಾಕುವುದು ಮೇಲೋಗರ ಅಷ್ಟೇ. ಎರಡು ಮೂರು ತಾಸಿನಲ್ಲಿ ಮುಗಿಯದ ಊಟ ಸೀಗಡಿಯದಲ್ಲ, ಹುಳುವಿನದು. ಅದರಲ್ಲೂ ಅಂಗಡಿಯ ಗುಳಿಗೆಯಲ್ಲಿ ಮೀನಿನ ಪುಡಿ ಇರುತ್ತದೆ. ಪ್ಲನೇರಿಯಾಕ್ಕೆ ಬೇಕಾದದ್ದೇ ಅದು.

ಈಗ ಊಟದ ಕೆಲಸ ಅವ್ವನದೇ. ದಿನ ಬಿಟ್ಟು ದಿನ ಹಾಕುತ್ತಾಳೆ. ಉಳಿದ ಚೂರನ್ನು ಉದ್ದ ಪಿಪೆಟ್ಟಿನಿಂದ ಎಳೆದು ತೆಗೆಯುವುದೂ ಅವಳೇ, ನನಗಿಂತ ಚೊಕ್ಕಾಗಿ. ಗುಳಿಗೆಯ ಬದಲು ಹೆಚ್ಚಾಗಿ ಕುದಿಸಿದ ಪಾಲಕ್ ಎಲೆ, ಹೀರೇಕಾಯಿ ಚೂರು. ಸಂತೆಯ ಸೊಪ್ಪಿಗೆ ಔಷಧ ಹೊಡೆದಿರುತ್ತಾರೆ, ಅದಕ್ಕೆ ಚೆನ್ನಾಗಿ ತೊಳೆದು ಕುದಿಸಿಯೇ ಹಾಕಬೇಕು. ಹುಳಕ್ಕೆ ಹೊಡೆಯುವ ಔಷಧ ಸೀಗಡಿಯನ್ನೂ ಬಿಡುವುದಿಲ್ಲ. ಉಳಿದಂತೆ ಕಾಡುಬಾದಾಮಿಯ ಒಣ ಎಲೆ. ಮರದ ಕೆಳಗೆ ಕೆಂಪಾಗಿ ಉದುರಿ ಬಿದ್ದಿರುತ್ತದೆ, ಅದನ್ನು ತಂದು ತೊಳೆದು ಒಂದನ್ನು ಮುಳುಗಿಸಿಟ್ಟರೆ ಸೀಗಡಿಗಳು ನರ ಮಾತ್ರ ಉಳಿಯುವ ಹಾಗೆ ದಿನಗಟ್ಟಲೆ ಮೇಯುತ್ತವೆ.

ಊಟ ಕಡಿಮೆ ಮಾಡಿದರೆ ಪ್ಲನೇರಿಯಾ ಸತ್ತು ಹೋಗುತ್ತದೆ ಅಂತ ಮಾತ್ರ ತಿಳಿಯಬೇಡಿ. ಇದು ಬಹಳ ಜನ ನಂಬಿರುವ ಮಾತು. ಹಸಿದ ಪ್ಲನೇರಿಯಾ ಸಾಯುವುದಿಲ್ಲ, ಸಣ್ಣದಾಗುತ್ತದೆ. ತನ್ನ ಮೈಯನ್ನೇ ಕರಗಿಸಿಕೊಂಡು, ಕುಗ್ಗಿ ಕುಗ್ಗಿ, ತಿಂಗಳುಗಟ್ಟಲೆ ಬದುಕಿರುತ್ತದೆ. ಊಟ ಸಿಕ್ಕ ದಿನ ಮತ್ತೆ ಬೆಳೆಯುತ್ತದೆ. ಹಾಗಾಗಿ ಊಟ ಕಡಿಮೆ ಮಾಡುವುದು ಹೆಚ್ಚಾಗದಂತೆ ತಡೆಯಲಿಕ್ಕೆ. ಇರುವುದನ್ನು ತೆಗೆಯಲು ಬೋನು ಬೇಕು.

ಬೋನು ಮನೆಯಲ್ಲೇ ಆಗುತ್ತದೆ. ಮುಚ್ಚಳ ಇರುವ ಸಣ್ಣ ಪ್ಲಾಸ್ಟಿಕ್ ಡಬ್ಬಿಗೆ, ಹುಳು ನುಸುಳಬೇಕು, ದೊಡ್ಡ ಸೀಗಡಿ ನುಸುಳಬಾರದು, ಅಷ್ಟು ಸಣ್ಣ ತೂತು ಮಾಡಬೇಕು. ಒಳಗೆ ಮಾಂಸದ ಚೂರು ಇಟ್ಟು ದೀಪ ಆರಿಸುವ ಹೊತ್ತಿಗೆ ತಳದಲ್ಲಿ ಮಲಗಿಸಬೇಕು. ನಮ್ಮದು ಮಾಂಸ ತರುವ ಮನೆಯಲ್ಲ. ಸೀಗಡಿಯ ಅದೇ ಗುಳಿಗೆಯ ಚೂರು ಹಾಕಿದೆ, ಅದಕ್ಕೂ ಬಂದವು. ಬೆಳಗಿನ ತನಕ ಬಿಡಬಾರದು, ತಿಂದು ಹೊರಗೆ ಹೋಗಿಬಿಡುತ್ತವೆ. ಎರಡು ಮೂರು ತಾಸಿಗೆ ತೆಗೆಯಬೇಕು. ಹೊರಗೆ ತೆಗೆದಾಗ ಒಳಗೆ ಸೀಗಡಿ ಮರಿ ಸಿಕ್ಕಿಕೊಂಡಿದೆಯೇ ಅಂತ ಬಿಳಿ ತಟ್ಟೆಯಲ್ಲಿ ಸುರಿದು ನೋಡಬೇಕು. ಹುಳುವಿದ್ದ ನೀರನ್ನು ಮೋರಿಗೆ, ಗಿಡಕ್ಕೆ ಹಾಕದೆ ಕುದಿನೀರಿಗೆ ಸುರಿಯಬೇಕು.

ಹುಳು ಕಡಿಮೆ ಇದ್ದರೆ ಬೋನಿನಿಂದಲೇ ಹತೋಟಿಗೆ ಬರುತ್ತದೆ. ಅಲ್ಲಿಗೇ ನಿಲ್ಲಿಸಬಹುದು. ನಮ್ಮ ಟ್ಯಾಂಕಿನಲ್ಲಿ ಅಷ್ಟಕ್ಕೆ ನಿಲ್ಲಲಿಲ್ಲ. ಪ್ರತಿ ರಾತ್ರಿ ಬೋನು ತುಂಬುತ್ತಿತ್ತು, ಮರಿಗಳು ಕಾಣುತ್ತಿರಲಿಲ್ಲ. ಔಷಧ ಹಾಕುವುದು ಅಂತ ತೀರ್ಮಾನ ಮಾಡಿದಾಗ ಅವ್ವ ಕೇಳಿದಳು: "ಆ ಹುಳಾನೂ ಜೀವನ ಅಲ್ಲೇನ್ ತಮ್ಮಾ?"

ಈ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಹೌದು, ಜೀವವೇ. ಕೆರೆಯಲ್ಲಿ, ಹಳ್ಳದಲ್ಲಿ ಕಲ್ಲು ಎತ್ತಿ ನೋಡಿದರೆ ಇಂಥ ಹುಳು ಸಿಗುತ್ತವೆ. ಅಲ್ಲಿ ಅದನ್ನು ತಿನ್ನುವವರಿದ್ದಾರೆ, ಹರಿವು ಇದೆ, ಮಳೆ ಇದೆ, ಊಟ ಸಿಗದ ದಿನಗಳಿವೆ. ಸೀಗಡಿಗೂ ಓಡಿಹೋಗಲು ಜಾಗ ಇದೆ. ಎರಡು ಅಡಿಯ ಗಾಜಿನೊಳಗೆ ಅದ್ಯಾವುದೂ ಇಲ್ಲ. ಎರಡನ್ನೂ ಒಂದೇ ಡಬ್ಬಿಯಲ್ಲಿ ಕೂಡಿಸಿದವನು ನಾನು. ಸೀಗಡಿಯನ್ನು ಸಾಕುತ್ತೇನೆ ಅಂತ ತಂದವನೂ ನಾನು. ಸುಮ್ಮನೆ ಕೈಕಟ್ಟಿ ಕೂತರೂ ಅಲ್ಲಿ ಜೀವ ಹೋಗುತ್ತಲೇ ಇರುತ್ತದೆ. ಅವ್ವನಿಗೆ ಹೀಗೇ ಹೇಳಿದೆ. ಅವಳು ಸ್ವಲ್ಪ ಹೊತ್ತು ಟ್ಯಾಂಕ್ ನೋಡಿ, "ಹಂಗಾರ ಲಗೂನ ಮುಗಸು, ಒದ್ದಾಡಸಬ್ಯಾಡ," ಅಂದಳು.

ಔಷಧದಲ್ಲಿ ಎರಡು ದಾರಿ ಇವೆ. ಒಂದು, ನೋ ಪ್ಲನೇರಿಯಾ ಅನ್ನುವ ಪುಡಿ. ಅದರಲ್ಲಿ ಕೆಲಸ ಮಾಡುವುದು ಏನು ಗೊತ್ತೇ? ಅಡಿಕೆಯ ಸಾರ. ಅಡಿಕೆಯಲ್ಲಿರುವ ಅರೆಕೊಲಿನ್ ಹುಳುವಿನ ನರ-ಸ್ನಾಯುವನ್ನು ಹಿಡಿದು ಅದನ್ನು ಅಲ್ಲಾಡದಂತೆ ಮಾಡುತ್ತದೆ. ಒಂದು ಕಾಲದಲ್ಲಿ ನಾಯಿಗಳ ಲಾಡಿಹುಳುವಿಗೆ ಕೊಡುತ್ತಿದ್ದದ್ದೂ ಇದೇ ಅರೆಕೊಲಿನ್. ಶಿರಸಿಯ ಅಡಿಕೆ ಪೇಟೆ ನಮಗೆ ದೂರವಲ್ಲ, ಊಟ ಆದ ಮೇಲೆ ಅಡಿಕೆ ಹೋಳು ಬಾಯಿಗೆ ಹಾಕುವ ಜನ ನಾವು. ಇದನ್ನು ಓದಿ ಮನೆಯ ಅಡಿಕೆ ಕುಟ್ಟಿ ಟ್ಯಾಂಕಿಗೆ ಹಾಕಲೇ ಅಂತ ಒಬ್ಬ ಗೆಳೆಯ ಕೇಳಿದ. ಬೇಡ. ಯಾವ ಅಡಿಕೆಯಲ್ಲಿ ಎಷ್ಟು ಸಾರ ಇದೆ ಅಂತ ಅಳೆಯಲು ನಮ್ಮ ಹತ್ತಿರ ಏನೂ ಇಲ್ಲ, ಮೇಲೆ ಕೊಳೆತರೆ ನೀರೂ ಹೊಲಸು.

ಇನ್ನೊಂದು, ಫೆನ್‌ಬೆಂಡಜೋಲ್. ನಾಯಿ, ದನಗಳ ಜಂತುಹುಳುವಿಗೆ ಕೊಡುವ ಔಷಧ. ಹುಳುವಿನ ಜೀವಕೋಶದೊಳಗಿನ ಸೂಕ್ಷ್ಮ ಕೊಳವೆಗಳು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಪಶು ಔಷಧದ ಅಂಗಡಿಯಲ್ಲಿ ಸಿಗುತ್ತದೆ. ನಾನು ಹೋಗಿ ಕೇಳಿದಾಗ ಅಂಗಡಿಯವರು, "ನಾಯಿ ಎಷ್ಟ ಕೆಜಿ ಐತ್ರಿ ಸರ?" ಅಂದರು. ನಾಯಿಗಲ್ಲ, ಸೀಗಡಿ ಟ್ಯಾಂಕಿಗೆ ಅಂದೆ. "ಸೀಗಡಿಗೂ ಜಂತ ಆಗತಾವೇನ್ರಿ?" ಅಂತ ಆಸಕ್ತಿಯಿಂದ ಕೇಳಿ, ಗುಳಿಗೆಯ ಮೇಲೆ ಬರೆದದ್ದನ್ನು ನನ್ನ ಜೊತೆ ಕೂತು ಓದಿದರು. ಅಲ್ಲೇ ಲೆಕ್ಕ ಶುರುವಾಗುವುದು. ನಾಯಿಗೆ ಪ್ರತಿ ಕೆಜಿಗೆ 50 ಮಿಲಿಗ್ರಾಂ ಅನ್ನುವ ಪ್ರಮಾಣ. 150 ಮಿಲಿಗ್ರಾಂ ಗುಳಿಗೆ ಅಂದರೆ ಮೂರು ಕೆಜಿಯ ಮರಿಗೆ ಒಂದು. ಟ್ಯಾಂಕಿನ ಲೆಕ್ಕ ಬೇರೆ: ಲೀಟರಿಗೆ ಒಂದೆರಡು ಮಿಲಿಗ್ರಾಂ ಮೀರದ ಹಾಗೆ.

ಇಲ್ಲಿ ಎಡವುವವರು ಬಹಳ. ಹೊರದೇಶದವರು ಹೇಳುವ ಅಳತೆ ಗ್ಯಾಲನ್ನಿನದು, ಅದು 3.8 ಲೀಟರ್. ಅವರು ಹೇಳುವ ಫೆನ್‌ಬೆಂಡಜೋಲ್ ಪುಡಿಯಲ್ಲಿ ಔಷಧ ಇರುವುದು ಶೇಕಡಾ 22ರಷ್ಟು, ಅಂದರೆ ಒಂದು ಗ್ರಾಂ ಪುಡಿಯಲ್ಲಿ 222 ಮಿಲಿಗ್ರಾಂ. ನಮ್ಮ ಗುಳಿಗೆಯ ಮೇಲೆ ಬರೆದಿರುವ 150 ಶುದ್ಧ ಔಷಧದ ತೂಕ. ಗುಳಿಗೆಯ ತೂಕ ಅದಕ್ಕಿಂತ ಜಾಸ್ತಿ ಇರುತ್ತದೆ. ಒಂದರ ಲೆಕ್ಕ ಇನ್ನೊಂದಕ್ಕೆ ಹಾಕಿದರೆ ನಾಲ್ಕೈದು ಪಟ್ಟು ವ್ಯತ್ಯಾಸ. ನೀರಿನ ಅಳತೆಯೂ ಹಾಗೇ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ಟ್ಯಾಂಕ್ ಬರಿದಾಗಿದ್ದಾಗ ಸುಮಾರು 56 ಲೀಟರ್ ಹಿಡಿಯುತ್ತದೆ. ಮಣ್ಣು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ಉಳಿಯುವುದು ನಲವತ್ತೈದರ ಆಸುಪಾಸು. ಔಷಧ ಹಾಕಬೇಕಾದದ್ದು ಇರುವ ನೀರಿಗೆ. ಕೊಡದಿಂದ ಅಳೆದು ತುಂಬಿಸಿದವರಿಗೆ ಈ ಲೆಕ್ಕ ಬಾಯಲ್ಲೇ ಇರುತ್ತದೆ.

ಇನ್ನೊಂದು ಮಾತು, ಫೆನ್‌ಬೆಂಡಜೋಲ್ ನೀರಿನಲ್ಲಿ ಕರಗುವುದಿಲ್ಲ. ನುಣ್ಣಗೆ ಅರೆದು, ಟ್ಯಾಂಕಿನದೇ ನೀರು ತುಂಬಿದ ಬಾಟಲಿಯಲ್ಲಿ ಹಾಕಿ ಚೆನ್ನಾಗಿ ಕುಲುಕಿ, ಫಿಲ್ಟರಿನ ಹರಿವಿನ ಎದುರಿಗೆ ಸುರಿಯಬೇಕು. ತಳಕ್ಕೆ ಬಿಳಿ ಪುಡಿ ಕೂರುವುದು ಕಂಡರೆ ಗಾಬರಿ ಬೇಡ.

ಬಸವನಹುಳುಗಳ ವಿಷಯ ಮರೆಯಬೇಡಿ. ನೆರೈಟ್, ಆ್ಯಪಲ್ ಸ್ನೇಲ್ ಈ ಎರಡೂ ಔಷಧಕ್ಕೆ ತಡೆಯುವುದಿಲ್ಲ. ನಾನು ಅವನ್ನು ಮುಂಚೆಯೇ ಬೇರೆ ಬಕೆಟ್ಟಿಗೆ ಹಾಕಿದ್ದೆ. ಇನ್ನೊಂದು ಟ್ಯಾಂಕಿಗೆ ನೇರ ಬಿಡಬಾರದು, ಚಿಪ್ಪಿನ ಅಂಚಿನಲ್ಲಿ ಪ್ಲನೇರಿಯಾ ಕೂತಿರಬಹುದು. ಫೆನ್‌ಬೆಂಡಜೋಲ್ ಹಾಕಿದ ಮೇಲೆ ತಳದ ಮಣ್ಣಿನಲ್ಲಿ ಅದು ತಿಂಗಳುಗಟ್ಟಲೆ ಉಳಿದು ನೆರೈಟನ್ನು ಕೊಲ್ಲಬಹುದು. ಆದ್ದರಿಂದ ನೆರೈಟ್ ಮೇಲೆ ಪ್ರೀತಿ ಇರುವವರು ಬೋನನ್ನೇ ನೆಚ್ಚಿಕೊಳ್ಳುವುದು ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ.

ಚಪ್ಪಟೆ ಹುಳು ಅಂದ ಕೂಡಲೇ ಪ್ರಾಜಿಕ್ವಾಂಟೆಲ್ ಅಂತ ಸಲಹೆ ಕೊಡುವವರೂ ಇದ್ದಾರೆ. ಲಾಡಿಹುಳುವಿಗೆ ಅದು ಒಳ್ಳೆಯ ಔಷಧ. ಆದರೆ ಪ್ರಯೋಗಾಲಯದಲ್ಲಿ ಒಂದು ಜಾತಿಯ ಪ್ಲನೇರಿಯಾವನ್ನು ಕತ್ತರಿಸಿ ಆ ಔಷಧದಲ್ಲಿ ಇಟ್ಟರೆ, ಬಾಲ ಬರಬೇಕಾದ ಕಡೆಯೂ ತಲೆ ಬೆಳೆದು ಎರಡು ತಲೆಯ ಹುಳುವಾಗುತ್ತದೆ. ನಮಗೆ ಬೇಕಾದದ್ದು ಅದಲ್ಲ. ಬೇವಿನ ಎಣ್ಣೆ, ಬೇವಿನ ರಸ ಬೇಡವೇ ಬೇಡ. ಬೇವು ಕೀಟಗಳು ಪೊರೆ ಬಿಡುವುದನ್ನೇ ಕೆಡಿಸುತ್ತದೆ, ಸೀಗಡಿಯೂ ಪೊರೆ ಬಿಟ್ಟೇ ಬೆಳೆಯುವ ಜೀವ. ತಾಮ್ರವೂ ಹಾಗೆ. ಸೀಗಡಿಯ ರಕ್ತದಲ್ಲಿ ತಾಮ್ರ ಇದೆ ನಿಜ, ಆದರೆ ನೀರಿನಲ್ಲಿ ಸ್ವಲ್ಪ ಜಾಸ್ತಿ ಆದರೂ ಅದೇ ವಿಷ. ತಾಮ್ರದ ಹಂಡೆಯಲ್ಲಿ ಹಿಡಿದಿಟ್ಟ ನೀರು ನಮಗೆ ಒಳ್ಳೆಯದಿರಬಹುದು, ಟ್ಯಾಂಕಿಗೆ ಹಾಕಬೇಡಿ.

ಈಗ ನೀರಿನ ಮಾತು. ಔಷಧ ಹಾಕಿದ ಮೇಲೆ ಎರಡು ಮೂರು ದಿನಕ್ಕೆ ಅರ್ಧ ನೀರು ಬದಲಿಸಬೇಕಾಗುತ್ತದೆ. ಹುಳುಗಳು ಸತ್ತು ಕರಗಿ ಅಮೋನಿಯಾ ಏರುತ್ತದೆ, ಅದು ಸೀಗಡಿಗೆ ಹುಳುವಿಗಿಂತ ಅಪಾಯ. ಹುಬ್ಬಳ್ಳಿ-ಧಾರವಾಡಕ್ಕೆ ಮಲಪ್ರಭೆಯ ನೀರು ಸವದತ್ತಿಯ ನವಿಲುತೀರ್ಥದಿಂದ ಬರುತ್ತದೆ. ಕೆಲವು ಓಣಿಗಳಲ್ಲಿ ದಿನವಿಡೀ ನೀರು ಇದೆ, ನಮ್ಮಂಥ ಓಣಿಗಳಲ್ಲಿ ನಳ ಬರುವುದು ಹಲವು ದಿನಕ್ಕೊಮ್ಮೆ. ನಳ ಬರುವ ದಿನ ತಿಳಿಯದೆ ಔಷಧ ಹಾಕಿದರೆ, ಬದಲಿಸಬೇಕಾದ ದಿನ ಮನೆಯಲ್ಲಿ ಕುಡಿಯುವ ನೀರು ಮಾತ್ರ ಇರುತ್ತದೆ. ಅದಕ್ಕೆ ನಾನು ನಳ ಬಂದ ದಿನ ಎರಡು ಬ್ಯಾರಲ್ ಟ್ಯಾಂಕಿಗೆಂದೇ ತುಂಬಿಸಿ, ಬಾಯಿ ತೆರೆದಿಟ್ಟು, ಮರುದಿನ ಔಷಧ ಹಾಕಿದೆ. ಬ್ಯಾರಲ್ಲಿನಲ್ಲಿ ನಿಂತ ನೀರಿನ ಕ್ಲೋರಿನ್ ಅಷ್ಟರಲ್ಲಿ ಹಾರಿಹೋಗಿರುತ್ತದೆ, ತಾಪಮಾನವೂ ಟ್ಯಾಂಕಿನದಕ್ಕೆ ಹೊಂದಿಕೊಂಡಿರುತ್ತದೆ. ಏಪ್ರಿಲ್-ಮೇ ಬಿಸಿಲಿನಲ್ಲಿ ಈ ಕೆಲಸ ಬೇಡ. ಬಿಸಿ ನೀರಿನಲ್ಲಿ ಆಮ್ಲಜನಕ ಮೊದಲೇ ಕಡಿಮೆ.

ಔಷಧ ಹಾಕಿದ ಮರುದಿನ ನೋಡಿದಾಗ ಹುಳುಗಳು ಹಗಲಿನಲ್ಲೇ ಹೊರಗೆ ಬಂದಿದ್ದವು. ಜಾರುವ ಆ ನುಣುಪು ಹೋಗಿತ್ತು. ಮೈ ಮುದುಡಿ, ಸುರುಳಿ ಸುತ್ತಿ, ಗಾಜಿನ ಹಿಡಿತ ತಪ್ಪಿ ಒಂದೊಂದಾಗಿ ಬೀಳುತ್ತಿದ್ದವು. ಅದರ ಮಾರನೆಯ ದಿನ ತಳದಲ್ಲಿ ಲೋಳೆಯಂಥ ಚೂರುಗಳಷ್ಟೇ. ಪಿಪೆಟ್ಟಿನಿಂದ ಎಳೆದು ತೆಗೆದೆವು. ಸೀಗಡಿಗಳು ಮೇಯುತ್ತಲೇ ಇದ್ದವು. ಬ್ಯಾರಲ್ಲಿನ ನೀರು ನಿಧಾನವಾಗಿ, ಏರ್ ಪೈಪಿನಲ್ಲಿ ಸಣ್ಣಗೆ ಹರಿಯುವಂತೆ ಬಿಟ್ಟೆವು. ಒಮ್ಮೆಲೇ ಸುರಿದರೆ ಸೀಗಡಿ ಹೊತ್ತಲ್ಲದ ಹೊತ್ತಿಗೆ ಪೊರೆ ಬಿಟ್ಟು ಸಾಯುತ್ತದೆ.

ಮೊಟ್ಟೆಚೀಲಗಳ ಮೇಲೆ ಔಷಧ ನಡೆಯುವುದಿಲ್ಲ. ಅವು ಒಡೆಯಲು ಎರಡು ಮೂರು ವಾರ ಬೇಕು. ಅಷ್ಟು ಬಿಟ್ಟು ಮತ್ತೆ ನಳದ ದಿನ ನೋಡಿ, ಅದೇ ಪ್ರಮಾಣದಲ್ಲಿ ಎರಡನೇ ಸಲ ಹಾಕಿದೆ. ಇದನ್ನು ಬಿಟ್ಟವರಿಗೆ ಒಂದು ತಿಂಗಳಲ್ಲಿ ಮತ್ತೆ ಮೊದಲಿನಿಂದ ಶುರು.

ಈಗ ಟಾರ್ಚ್ ಹಿಡಿದರೆ ದುಂಡು ತಲೆಯ ಆ ಬಿಳಿ ಚುಕ್ಕೆಗಳು ಮತ್ತೆ ಕಾಣತೊಡಗಿವೆ. ಅವು ಇರಲಿ. ಮಾಸ್ ಒಳಗೆ ಸೀಗಡಿ ಮರಿಗಳೂ ಇವೆ. ಗದಗಿನ ಗೆಳೆಯ ಹತ್ತು ಮರಿ ಬೇಕು ಅಂದಿದ್ದಾನೆ. ಅವನದು ಬೋರಿನ ಗಡಸು ನೀರು, ಅದಕ್ಕೆ ಮಳೆನೀರು ಹಿಡಿದಿಟ್ಟು ಬೆರೆಸುತ್ತಾನೆ. ಹೊಸ ನೀರಿಗೆ ಹನಿ ಹನಿಯಾಗಿ ಒಗ್ಗಿಸು ಅಂತ ಹೇಳಿದ್ದೇನೆ. ಮರಿಗಳನ್ನು ಬಲೆಯಲ್ಲಿ ಹಿಡಿದು, ನಿಂತ ಶುದ್ಧ ನೀರಿನಲ್ಲಿ ಎರಡು ಸಲ ಅದ್ದಿ, ಬರಿ ಬಕೆಟ್ಟಿನಲ್ಲಿ ಬೇರೆ ಇಟ್ಟಿದ್ದೇನೆ. ಬಕೆಟ್ಟಿನಲ್ಲೂ ರಾತ್ರಿ ಬೋನು ಇಡುತ್ತೇವೆ, ಮಗಳು ಬಿಳಿ ತಟ್ಟೆಯಲ್ಲಿ ಸುರಿದು ನೋಡುತ್ತಾಳೆ. ಗೆಳೆಯ ಮಾಸ್ ಕೂಡ ಕೇಳಿದ. ಅದನ್ನು ಮಾತ್ರ ಇನ್ನೂ ಕೊಟ್ಟಿಲ್ಲ. ದೀಪಾವಳಿಯ ತನಕ ನನ್ನ ಟ್ಯಾಂಕಿನ ಬೋನು ಖಾಲಿ ಬಂದರೆ ಆಗ ಕೊಡುತ್ತೇನೆ ಅಂದಿದ್ದೇನೆ.